ಸುದ್ದಿ ಕವಲೊಡೆಯುವ ಜಾಗ

ನನ್ನ ಮನೆ ಹಾವೇರಿಯಲ್ಲಿ, ನೌಕರಿ ರಾಣೆಬೆನ್ನೂರಿನಲ್ಲಿ, ತವರು ಎರಡರ ನಡುವೆ ಬ್ಯಾಡಗಿಯಲ್ಲಿ. ತೊಂಬತ್ತರ ದಶಕದ ನಡುವಿನ ಮಾತಿದು. ಬೆಳಿಗ್ಗೆ ಹೋಗುವಾಗೊಮ್ಮೆ, ಸಂಜೆ ಬರುವಾಗೊಮ್ಮೆ ನನ್ನ ರೈಲು ಬ್ಯಾಡಗಿ ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ರೈಲು ಇನ್ನೂ ಊರು ಮುಟ್ಟುವ ಮೊದಲೇ ಡಬ್ಬಿಯಲ್ಲಿದ್ದವರು ಸೀನಲು ಶುರು ಮಾಡುತ್ತಿದ್ದರು. ದಿನದ ಪ್ರಯಾಣಿಕರು ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದೆವು. ಹೊಸಬರು ಮಾತ್ರ ಎದುರಿನವರ ಕಣ್ಣಲ್ಲಿ ನೀರು ಕಂಡು ಏನಾಯಿತೆಂದು ಗಾಬರಿಯಾಗುತ್ತಿದ್ದರು. ಬ್ಯಾಡಗಿಯಲ್ಲಿ ಅತ್ತರೆ ಯಾರೂ ಯಾಕೆಂದು ಕೇಳುವುದಿಲ್ಲ, ಅದೊಂದು ಅನುಕೂಲ ಎಂದು ಅಪ್ಪ ನಗೆಯಾಡುತ್ತಿದ್ದ.

ಅಪ್ಪ ಅಲ್ಲಿಯ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿಯೊಂದರ ದಿವಾನಜಿ, ಅಂದರೆ ಲೆಕ್ಕ ಬರೆಯುವವ. ಕಾಕಾ, ಅಪ್ಪನ ತಮ್ಮ, ಅದೇ ಅಂಗಡಿಯಲ್ಲಿ ಚೀಲ ತೂಗುತ್ತಿದ್ದ. ಒಂದೊಂದು ಚೀಲ ತಕ್ಕಡಿಗೆ ಏರಿದಾಗಲೂ ಕಾಕಾ ತೂಕವನ್ನು ರಾಗವಾಗಿ ಕೂಗಬೇಕು, ಅಪ್ಪ ಒಳಗಿನಿಂದ "ಬರಕೊಂಡೇನಿ" ಅನ್ನಬೇಕು. ಅದು ಕೇಳುವ ತನಕ ಮುಂದಿನ ಚೀಲ ಏರುತ್ತಿರಲಿಲ್ಲ. ಮೂವತ್ತೆಂಟು, ಬರಕೊಂಡೇನಿ. ನಲವತ್ತೊಂದು, ಬರಕೊಂಡೇನಿ. ಸಣ್ಣವಳಿದ್ದಾಗ ಊಟದ ಡಬ್ಬಿ ಒಯ್ದು ಅಲ್ಲಿ ಕೂತರೆ ಈ ಅಣ್ಣತಮ್ಮಂದಿರ ಜುಗಲ್‌ಬಂದಿ ಕೇಳುತ್ತಾ ನಿದ್ದೆಯೇ ಬಂದುಬಿಡುತ್ತಿತ್ತು. ಮನೆಯಲ್ಲಿ ಇಬ್ಬರೂ ಅಷ್ಟೇನೂ ಮಾತಾಡುತ್ತಿರಲಿಲ್ಲ.

ಅಂಗಡಿಯ ಫೋನು ಅಪ್ಪನ ಕೈಗೆಟಕುವ ಜಾಗದಲ್ಲಿತ್ತು. ಹೀಗಾಗಿ ನಮ್ಮ ಬಳಗದ ಸುದ್ದಿಗೆಲ್ಲ ಅವನೇ ಅಂಚೆ, ಅವನೇ ತಾರು. ಯಾರಿಗೆ ಹೆಣ್ಣು ಗೊತ್ತಾಯಿತು, ಯಾರು ಹಡೆದರು, ಯಾರು ಆಸ್ಪತ್ರೆ ಸೇರಿದರು, ಎಲ್ಲ ಮೊದಲು ಅವನ ಕಿವಿಗೆ ಬೀಳುತ್ತಿತ್ತು. ಅಲ್ಲಿಂದ ಮುಂದೆ ಅವನದೊಂದು ಪದ್ಧತಿ. ಊರಿಗೊಂದೇ ಮನೆಗೆ ಹೇಳುತ್ತಿದ್ದ. ಗುತ್ತಲಕ್ಕೆ ಮಾಮಾ, ಅಂದರೆ ಅವ್ವನ ಅಣ್ಣ. ಅವನ ಮನೆಯೆದುರಿನ ಅರಿವೆ ಅಂಗಡಿಗೆ ಒಂದು ಫೋನು. ಹಾವೇರಿಗೆ ಅತ್ತಿ, ಅಪ್ಪನ ಅಕ್ಕ. ಅವಳ ಮಗ್ಗುಲ ಮನೆಗೆ ಒಂದು ಫೋನು. ಅತ್ತಿ ಹಾವೇರಿಯೊಳಗಿನ ಬಳಗದ ಮನೆಗಳಿಗೆ ತಾನೇ ನಡೆದು ಹೋಗಿ ಹೇಳುವಳು, ಅಗಡಿಯ ಬೀಗರಿಗೆ ಹೇಳಿ ಕಳಿಸುವಳು. ಹೀಗೆ ಒಂದು ಸುದ್ದಿ ಬ್ಯಾಡಗಿಯಿಂದ ಒಂದಾಗಿ ಹೊರಟು, ದಾರಿ ಕವಲೊಡೆದಲ್ಲೆಲ್ಲ ತಾನೂ ಕವಲೊಡೆದು, ಮಧ್ಯಾಹ್ನದ ಊಟದೊಳಗೆ ಎಲ್ಲ ಮನೆಗಳ ಪಡಸಾಲೆಯಲ್ಲಿ ಇರುತ್ತಿತ್ತು. ಮುಟ್ಟಿತೇ ಎಂದು ಅಪ್ಪ ತಿರುಗಿ ಕೇಳುತ್ತಿರಲಿಲ್ಲ. ಕೇಳಿದರೆ ಅವರ ಮೇಲೆ ನಂಬಿಕೆಯಿಲ್ಲ ಅಂದಂತೆ. ಅತ್ತಿಯ ಬಾಯಲ್ಲಿ ಸುದ್ದಿಗೆ ಸ್ವಲ್ಪ ಉಪ್ಪುಖಾರ ಹತ್ತುತ್ತಿತ್ತು ಅನ್ನುವುದು ಬೇರೆ ಮಾತು.

ಈ ಪದ್ಧತಿಯಿಂದ ಹೊರಗಿದ್ದವಳು ನಾನೊಬ್ಬಳೇ. ಮದುವೆಯಾಗಿ ಹಾವೇರಿಗೆ ಬಂದ ಮೇಲೆ ನ್ಯಾಯವಾಗಿ ನಾನು ಅತ್ತಿಯ ಕವಲಿಗೆ ಸೇರಬೇಕಿತ್ತು. ಅಷ್ಟರಲ್ಲಿ ನನಗೆ ರಾಣೆಬೆನ್ನೂರಿನ ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಅಲ್ಲಿ ಪ್ರಿನ್ಸಿಪಾಲರ ಕೋಣೆಯಲ್ಲಿ ಒಂದು ಫೋನಿತ್ತು. ಅಪ್ಪನಿಗೆ ಅಷ್ಟು ಸಾಕಾಯಿತು. ಮಗಳ ಕಾಲೇಜಿಗೆ ಫೋನು ಹಚ್ಚಿ "ಮೇಡಮ್ಮಾರನ್ನ ಸ್ವಲ್ಪ ಕರೀರಿ" ಎನ್ನುವ ಸುಖ ಅವನಿಗೆ ಬೇಕಾಗಿತ್ತು. ನಾನು ಮೆಟ್ಟಿಲಿಳಿದು ಓಡಿ ಬಂದರೆ ಸುದ್ದಿ ಇಷ್ಟೇ: ಗುತ್ತಲದ ಎಮ್ಮಿ ಈದೈತಿ, ಅವ್ವ ಹೋಳಿಗೆ ಮಾಡ್ಯಾಳ, ಐತವಾರ ಬಾ. ಪ್ರಿನ್ಸಿಪಾಲರು ಕಾಗದದ ಮೇಲಿಂದ ಕಣ್ಣೆತ್ತದೆ ನಗುತ್ತಿದ್ದರು. ನನಗೆ ನಾಚಿಕೆ, ಒಳಗೊಳಗೆ ಹಿಗ್ಗು. ಮಗಳಿಗೆ ತಮ್ಮನೇ ಹೇಳುತ್ತಾನೆ, ಅವಳ ಚಿಂತೆ ನಮಗೆ ಬೇಡ ಎಂದು ಅತ್ತಿ ನಮ್ಮ ಮನೆಯನ್ನು ತನ್ನ ಸಾಲಿನಿಂದ ಬಿಟ್ಟೇಬಿಟ್ಟಳು.

ಆ ಕಾಲೇಜಿನ ನಂಬರನ್ನು ಅಪ್ಪ ಎಲ್ಲಿಯೂ ಬರೆದಿಟ್ಟಿರಲಿಲ್ಲ. ದಿನವಿಡೀ ಬರೆಯುವವನಿಗೆ ನಂಬರು ಬರೆದಿಡುವುದೆಂದರೆ ಅವಮಾನ. ಪೇಟೆಯ ಅರ್ಧ ಅಂಗಡಿಗಳ ನಂಬರುಗಳು ಅವನ ಬಾಯಲ್ಲಿದ್ದವು. ಎರಡೆರಡು ಅಂಕಿ ಸೇರಿಸಿ, ಕಾಕಾ ತೂಕ ಕೂಗುವ ಅದೇ ರಾಗದಲ್ಲಿ ಹೇಳಿಕೊಳ್ಳುತ್ತಾ ಡಯಲ್ ತಿರುಗಿಸುತ್ತಿದ್ದ. ನನ್ನದು ನಲವತ್ತೆರಡರಿಂದ ಶುರುವಾಗುತ್ತಿತ್ತು. ಅಂಗಡಿಯಲ್ಲಿ "ನಲವತ್ತೆರಡು" ಎಂದು ಎಳೆದ ದನಿ ಕೇಳಿದರೆ ಮಾಲೀಕರು, ಚೀಲವೋ ಮಗಳೋ ಎಂದು ಕಾಡುತ್ತಿದ್ದರಂತೆ.

ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದ ವಿಷಯ ಕಂಪ್ಯೂಟರ್ ನೆಟ್‌ವರ್ಕ್. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಕಾಲೇಜಿನಲ್ಲಿ ನೆಟ್‌ವರ್ಕ್ ಎನ್ನುವುದೊಂದು ಇತ್ತು, ಇಲ್ಲವೆನ್ನಲಾರೆ. ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ತಣ್ಣನೆಯ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತ ನಾಲ್ಕಾರು ಯಂತ್ರಗಳು, ಅವುಗಳ ಬೆನ್ನಿಗೆ ಒಂದು ಕಪ್ಪು ಕೇಬಲ್ಲು. ಆ ಕೇಬಲ್ಲಿನ ತುದಿಯ ಬಿರಡೆ ಸಡಿಲಾದರೆ ಎಲ್ಲ ಯಂತ್ರಗಳೂ ಒಟ್ಟಿಗೆ ಮೂಕಾಗುತ್ತಿದ್ದವು. ಅದು ಸರಿಯಿದ್ದ ದಿನ ಕರೆಂಟು ಇರುತ್ತಿರಲಿಲ್ಲ. ಊರೂರುಗಳನ್ನು ಜೋಡಿಸುವ ನೆಟ್‌ವರ್ಕನ್ನು ಕಣ್ಣಿಂದ ಕಾಣದೆಯೇ ನಾನು ಹೇಳುತ್ತಿದ್ದೆ, ಹುಡುಗರು ಬರೆದುಕೊಳ್ಳುತ್ತಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯುವ ಕೆಲಸ. ಹೊಲಿಗೆಯಾದರೂ ನೆಟ್ಟಗಿರಲಿ ಎಂಬ ಹಟ ನನ್ನದು.

ಪುಸ್ತಕದ ಕೊನೆಯಲ್ಲಿ ಮಲ್ಟಿಕಾಸ್ಟ್ ಎಂಬ ಸಣ್ಣ ಪಾಠವಿತ್ತು. ಪರೀಕ್ಷೆಗೆ ಬರುವುದಿಲ್ಲವೆಂದು ಉಳಿದವರು ಅದನ್ನು ಬಿಟ್ಟುಬಿಡುತ್ತಿದ್ದರು. ನಾನು ಮೊದಲ ಸಲ ಓದಿದಾಗ ರೈಲಿನಲ್ಲಿದ್ದೆ, ಓದುತ್ತಾ ಒಬ್ಬಳೇ ನಕ್ಕಿದ್ದೆ. ಇದು ನಮ್ಮಪ್ಪನ ಪದ್ಧತಿ ಅನಿಸಿತು. ಒಂದು ಯಂತ್ರ ಇನ್ನೊಂದಕ್ಕೆ ಸುದ್ದಿ ಕಳಿಸುವುದು ಕಾರ್ಡು ಬರೆದಂತೆ. ಇದ್ದಬದ್ದ ಯಂತ್ರಗಳಿಗೆಲ್ಲ ಕಳಿಸುವುದು ಡಂಗುರ ಸಾರಿದಂತೆ. ಬೇಕಾದವರಿಗೂ ಕೇಳುತ್ತದೆ, ಬೇಡವಾದವರ ನಿದ್ದೆಯೂ ಕೆಡುತ್ತದೆ. ಮಲ್ಟಿಕಾಸ್ಟ್ ಇವೆರಡರ ನಡುವಿನ ದಾರಿ. ಕಳಿಸುವವನು ಒಂದೇ ಪ್ರತಿ ಕಳಿಸುತ್ತಾನೆ. ಅದರ ಮೇಲಿನ ವಿಳಾಸ ಯಾರ ಮನೆಯದೂ ಅಲ್ಲ, ಒಂದು ಗುಂಪಿನದು. ಸುದ್ದಿ ಬೇಕಾದ ಯಂತ್ರ ತನ್ನ ಓಣಿಯ ರೌಟರಿಗೆ, ಅಂದರೆ ದಾರಿ ತೋರುವ ಡಬ್ಬಿಗೆ, ನಾನೂ ಈ ಗುಂಪಿನಲ್ಲಿದ್ದೇನೆ ಎಂದು ಹೇಳಿಟ್ಟರೆ ಸಾಕು. ಆ ರೌಟರು ತನ್ನ ಮೇಲಿನದಕ್ಕೆ ಹೇಳುತ್ತದೆ. ಸುದ್ದಿ ಬಂದಾಗ ದಾರಿ ಕವಲೊಡೆಯುವ ಜಾಗದ ರೌಟರು ಅದನ್ನು ನಕಲು ಮಾಡಿ ಕವಲಿಗೊಂದು ಕೊಡುತ್ತದೆ. ಯಾರು ಕೇಳುತ್ತಿದ್ದಾರೆ, ಎಷ್ಟು ಮಂದಿ, ಎಲ್ಲಿದ್ದಾರೆ, ಕಳಿಸಿದವನಿಗೆ ಗೊತ್ತಿರುವುದಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು ಇನ್ನೊಂದು. ರೌಟರು ಆಗಾಗ ತನ್ನ ಓಣಿಯಲ್ಲಿ ಕೇಳುತ್ತದೆ, ಈ ಗುಂಪಿನವರು ಯಾರಾದರೂ ಇದ್ದೀರಾ ಎಂದು. ಎಲ್ಲರೂ ಒಟ್ಟಿಗೆ ಕೂಗಿದರೆ ಗದ್ದಲ. ಅದಕ್ಕೇ ಪ್ರತಿಯೊಬ್ಬರೂ ತುಸು ತಡೆಯುತ್ತಾರೆ. ಅಷ್ಟರಲ್ಲಿ ಒಬ್ಬ ಇದ್ದೇನೆ ಅಂದರೆ, ಅದನ್ನು ಕೇಳಿಸಿಕೊಂಡ ಉಳಿದವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಒಂದು ಉತ್ತರ ಓಣಿಗೆಲ್ಲ ಸಾಕು. ಯಾರೂ ಉತ್ತರಿಸದಿದ್ದರೆ ರೌಟರು ಆ ಕವಲನ್ನು ಕಡಿದುಬಿಡುತ್ತದೆ. ಎಷ್ಟು ಮರ್ಯಾದಸ್ಥ ಏರ್ಪಾಡು ಎಂದು ನಾನು ಕೊಂಡಾಡುತ್ತಿದ್ದೆ.

ಆ ವರ್ಷ ಅಪ್ಪನ ಕೆಮ್ಮು ಜೋರಾಯಿತು. ಜೀವಮಾನವೆಲ್ಲ ಮೆಣಸಿನಕಾಯಿ ಧೂಳು ಕುಡಿದ ಎದೆ. ಹುಬ್ಬಳ್ಳಿಯ ಡಾಕ್ಟರು ಎದೆಯ ಫೋಟೋ ಬೆಳಕಿಗೆ ಹಿಡಿದು ನೋಡಿ, ಅಪ್ಪನನ್ನು ಹೊರಗೆ ಕೂರಿಸಿ, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಅಂದರು. ಹಾಗಂದರೇನು ಎಂದು ತಿಳಿಯದಷ್ಟು ದಡ್ಡಳಲ್ಲ ನಾನು. ಅಂದಿನಿಂದ ನನಗಿದ್ದದ್ದು ಒಂದೇ ದಿಗಿಲು: ಅವನ ಕೊನೆಯ ಹೊತ್ತಿಗೆ ನಾನು ರಾಣೆಬೆನ್ನೂರಿನ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುತ್ತೇನೆ. ಅವನ ಕೈ ಹಿಡಿಯಬೇಕು. ಅದಾಗದಿದ್ದರೆ ಮುಖವನ್ನಾದರೂ ನೋಡಿ ಒಂದು ಹಿಡಿ ಮಣ್ಣು ಹಾಕಬೇಕು. ಇದಕ್ಕಿಂತ ಹೆಚ್ಚಿನದೇನನ್ನೂ ನಾನು ಕೇಳಿರಲಿಲ್ಲ.

ರಜೆ ಹಾಕಿ ಬಂದು ಕೂರುತ್ತೇನೆ ಎಂದು ಒಂದು ಐತವಾರ ಹೇಳಿದೆ. ಅಪ್ಪ ಗೋಡೆಗೊರಗಿ ಕೂತಿದ್ದ, ಮಲಗಿದರೆ ಉಸಿರು ಸಿಕ್ಕುತ್ತಿತ್ತು. ಬೇಡವೆಂದು ಕೈಯಾಡಿಸಿದ.

"ನನಗ ಏನರೆ ಆತಂದ್ರ ಮೊದಲ ಸುದ್ದಿ ನಿನಗ. ನಾ ಫೋನ್ ಮಾಡ್ತೇನಿ. ಹುಡುಗರ ಪಾಠ ಕೆಡಿಸಬ್ಯಾಡ."

"ನಿನಗ ಆದದ್ದನ್ನ ನೀನ ಹೆಂಗ ಹೇಳ್ತೀಯಪ್ಪಾ?" ಅಂದೆ.

"ಆ ಚಿಂತಿ ನಿನಗ್ಯಾಕ," ಅಂದು ನಕ್ಕ. ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ಅವ್ವ ಬಂದು ಬೆನ್ನು ನೀವಬೇಕಾಯಿತು. ಹಾವೇರಿಯ ನಮ್ಮ ಮನೆಗೆ ಫೋನಿರಲಿಲ್ಲ, ಅರ್ಜಿ ಹಾಕಿ ಕಾಯುತ್ತಿದ್ದೆವು. ಕಾಲೇಜಿನ ನಂಬರನ್ನು ಕಾಕಾನಿಗೂ ಕೊಡಲೇ ಎಂದು ಕೇಳಿದರೆ ಅಪ್ಪ ಮುಖ ಸಣ್ಣದು ಮಾಡಿಕೊಂಡ. ಅವನ ಕಣ್ಣೆದುರಿಗೇ ಅವನ ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟಂತಾಗುತ್ತಿತ್ತು. ಸಾಯುವವನ ಮುಂದೆ ಅವನು ಸತ್ತ ಮೇಲಿನ ಏರ್ಪಾಡು ಮಾತಾಡುವುದು ಹೇಗೆ? ನಾನು ಸುಮ್ಮನಾದೆ. ಆಗ ಅಲ್ಲಿ ಯಾವ ಮಗಳಿದ್ದರೂ ಸುಮ್ಮನಾಗುತ್ತಿದ್ದಳು.

ಆ ಗುರುವಾರ ಬೆಳಿಗ್ಗೆ ರೈಲು ಎಂದಿನಂತೆ ಬ್ಯಾಡಗಿಯಲ್ಲಿ ನಿಂತಿತು. ಗುರುವಾರ ಪೇಟೆಯ ದಿನ. ಸ್ಟೇಷನ್ನಿನ ಹೊರಗೆ ಕೆಂಪು ಚೀಲ ಹೇರಿದ ಲಾರಿಗಳ ಸಾಲು, ಗಾಳಿಯಲ್ಲಿ ಘಾಟು, ಡಬ್ಬಿಯಲ್ಲಿ ಸೀನು. ಇಳಿದು ಒಂದು ಗಳಿಗೆ ನೋಡಿ ಬರಲೇ ಎಂದು ಪ್ರತಿದಿನ ಅನಿಸುವಂತೆ ಅಂದೂ ಅನಿಸಿತು. ಇಳಿದರೆ ಮೊದಲ ಪಾಠ ತಪ್ಪುತ್ತದೆ. ಫೋನು ಬಂದಿಲ್ಲವೆಂದರೆ ಆರಾಮಿದ್ದಾನೆ ಎಂದು ಎಂದಿನ ಸಮಾಧಾನ ಹೇಳಿಕೊಂಡು ಕೂತೆ. ಅಪ್ಪ ಹೋಗಿ ಆಗಲೇ ಒಂದು ತಾಸಾಗಿತ್ತಂತೆ. ನಮ್ಮ ತವರುಮನೆಯ ಹೆಂಚು ಸ್ಟೇಷನ್ನಿನಿಂದ ಕಾಣುವುದಿಲ್ಲ, ನಡುವೆ ಗೋದಾಮುಗಳಿವೆ.

ಅಂದು ನಾನು ಹೇಳಬೇಕಾದದ್ದು ಅದೇ ಮಲ್ಟಿಕಾಸ್ಟ್ ಪಾಠ. ಇದನ್ನು ನಂತರ ಯಾರಿಗೆ ಹೇಳಿದರೂ ಕತೆ ಕಟ್ಟುತ್ತಿದ್ದಾಳೆ ಅಂದುಕೊಳ್ಳುತ್ತಾರೆ, ಆದರೆ ಪಾಠಗಳ ಸಾಲಿನಲ್ಲಿ ಅದರ ಸರದಿ ಬಂದಿತ್ತು, ಅಷ್ಟೇ. ಮಾಮೂಲಿ ಸಂಪರ್ಕದಲ್ಲಿ ಪ್ರತಿ ಪ್ಯಾಕೆಟ್ಟಿಗೂ, ಅಂದರೆ ಸುದ್ದಿಯ ಒಂದೊಂದು ಕಂತಿಗೂ, ಮುಟ್ಟಿತೆಂಬ ಉತ್ತರ ಬರುತ್ತದೆ ಎನ್ನುವುದಕ್ಕೆ ಕಾಕಾನ ತೂಕ ಮತ್ತು ಅಪ್ಪನ "ಬರಕೊಂಡೇನಿ" ನನ್ನ ಕಾಯಂ ಉದಾಹರಣೆ. ರಾಗ ಸಮೇತ ಹೇಳಿದೆ, ಹುಡುಗರು ನಕ್ಕರು. ಮಲ್ಟಿಕಾಸ್ಟಿನಲ್ಲಿ ಹಾಗಿಲ್ಲ, ಕೇಳುವವರೆಲ್ಲ ಮುಟ್ಟಿತು ಮುಟ್ಟಿತು ಎಂದು ಕೂಗಿದರೆ ಕಳಿಸಿದವನು ಅದರಲ್ಲೇ ಮುಳುಗಿಹೋಗುತ್ತಾನೆ ಅಂದೆ.

ಆಮೇಲೆ ಬೆಂಚುಗಳನ್ನೇ ನೆಟ್‌ವರ್ಕ್ ಮಾಡಿದೆ. ಮುಂದಿನ ಬೆಂಚಿನಿಂದ ಒಂದು ಚೀಟಿ ಹೊರಡಬೇಕು. ನಡುವೆ ಕೆಲವರು ರೌಟರು. ಅವರು ನಕಲು ಬರೆದು ತಮ್ಮ ಹಿಂದಿನ ಬೆಂಚುಗಳಿಗೆ ಕೊಡಬೇಕು. ಆಟ ಚೆನ್ನಾಗಿ ನಡೆಯಿತು. ಎಲ್ಲರಿಗೂ ಮುಟ್ಟಿತೇ ಎಂದು ಕೇಳಿದೆ. ಯಾರೋ ಒಬ್ಬ ಮುಟ್ಟಿತ್ರಿ ಅಂದ, ಉಳಿದವರು ಸುಮ್ಮನಿದ್ದರು. ಆದರೆ ಬಾಗಿಲ ಕಡೆಯ ಕವಲಿನ ರೌಟರಾಗಿದ್ದ ಹುಡುಗ ನಡುವೆ ನೀರು ಕುಡಿಯಲು ಎದ್ದು ಹೋಗಿದ್ದ. ಅವನ ಹಿಂದಿನ ಬೆಂಚಿನ ಹುಡುಗಿಯರು ತಮ್ಮ ಪಾಡಿಗೆ ತಾವು ಬೋರ್ಡು ನೋಡಿ ಬರೆದುಕೊಳ್ಳುತ್ತಾ ಕೂತಿದ್ದರು. ನಿಮ್ಮ ಚೀಟಿ ಎಲ್ಲಿ ಎಂದೆ.

"ಯಾವ ಚೀಟಿರಿ ಮೇಡಂ?" ಅಂದಳು ಒಬ್ಬಳು.

ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ಅವಳು ಮಾತ್ರ ನಗದೆ, ಮುಟ್ಟಲಿಲ್ಲವೆಂದು ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ ಅಂದು ನಾನು ಬೋರ್ಡಿಗೆ ಬೆನ್ನು ಕೊಟ್ಟು ನಿಂತು ವಿವರಿಸಿದೆ. ಕಳಿಸಿದವನಿಗೆ ಗೊತ್ತಾಗುವುದಿಲ್ಲ, ಅವನ ಲೆಕ್ಕದಲ್ಲಿ ಸುದ್ದಿ ಹೊರಟಾಯಿತು. ಮುಟ್ಟದವನಿಗೂ ಗೊತ್ತಾಗುವುದಿಲ್ಲ, ಸುದ್ದಿಯೊಂದು ಇತ್ತೆಂದೇ ಅವನಿಗೆ ತಿಳಿಯದು. ಖಾತ್ರಿ ಬೇಕಾದರೆ ಅದಕ್ಕೆ ಬೇರೆಯೇ ಏರ್ಪಾಡು ಕಟ್ಟಬೇಕು. ಅದು ನಿಮ್ಮ ಸಿಲೆಬಸ್ಸಿನಲ್ಲಿಲ್ಲ ಎಂದು ಮುಗಿಸಿದೆ.

ಸಂಜೆ ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಟೆಸ್ಟಿನ ಉತ್ತರಪತ್ರಿಕೆಗಳನ್ನು ತೊಡೆಯ ಮೇಲೆ ಹರವಿಕೊಂಡು ತಿದ್ದುತ್ತಾ ಕೂತೆ. ದೇವರಗುಡ್ಡ ದಾಟಿತು. ಬ್ಯಾಡಗಿ ಬಂತು, ಸೀನು ಬಂತು. ಇಳಿಯುವವರು ಇಳಿದು, ಹತ್ತುವವರು ನುಗ್ಗಿ, ರೈಲು ಆಗಲೇ ಜಗ್ಗಿ ಚಲಿಸತೊಡಗಿತ್ತು. ಎದುರಿಗೆ ಜಾಗ ಹುಡುಕುತ್ತಾ ಬಂದವನು ಗುತ್ತಲದ ಮಾಮಾ. ತಲೆ ಹಸಿಯಿತ್ತು, ಹೆಗಲ ಮೇಲೆ ಹಿಂಡಿದ ಟವೆಲು. ಪೇಟೆಗೆ ಬಂದಿದ್ದನೇನೋ, ಈ ಹೊತ್ತಿನಲ್ಲಿ ಯಾಕೆ ಜಳಕ ಮಾಡಿದ್ದಾನೆ ಎಂದು ಯೋಚಿಸುತ್ತಾ ಪತ್ರಿಕೆಗಳನ್ನು ಸರಿಸಿ ಜಾಗ ಮಾಡಿಕೊಟ್ಟೆ. ಅವನು ಕೂರದೆ ನನ್ನನ್ನೇ ನೋಡಿದ.

"ಎಲ್ಲಿದ್ದೆವ್ವಾ? ಮಣ್ಣಿಗೆ ನೀ ಕಾಣಲೇ ಇಲ್ಲಲ್ಲ."

"ಯಾರ ಮಣ್ಣು, ಮಾಮಾ?"

ಅವನು ಪಕ್ಕದವರ ಮುಖ ನೋಡಿದ, ಅವರಲ್ಲಿ ಯಾರಾದರೂ ಉತ್ತರ ಕೊಟ್ಟರೆ ತಾನು ಪಾರಾಗಬಹುದು ಎನ್ನುವಂತೆ. ಯಾರೂ ಕೊಡಲಿಲ್ಲ. ಆಗ ಅವನು ನನ್ನ ತಲೆಯ ಮೇಲೆ ಕೈಯಿಟ್ಟ. ಕೈ ತಣ್ಣಗಿತ್ತು. ಅದರಲ್ಲೇ ಎಲ್ಲ ತಿಳಿಯಿತು.

ಎದ್ದು ಬಾಗಿಲಿಗೆ ಹೋದೆ. ಪ್ಲಾಟ್‌ಫಾರ್ಮು ಮುಗಿದು ಗೋದಾಮುಗಳೂ ಹಿಂದೆ ಸರಿದಿದ್ದವು. ಮಾಮಾ ತೋಳು ಹಿಡಿದು ಎಳೆದು ತಂದು ಕೂರಿಸಿದ. ಹಾವೇರಿಯವರೆಗೆ ಇಳಿಯುವಂತಿಲ್ಲ. ಅಪ್ಪ ಹಿಂದಿದ್ದ, ಮಣ್ಣೊಳಗೆ, ಇನ್ನೂ ಹಸಿಯಾದ ಮಣ್ಣು, ಮತ್ತು ನನ್ನನ್ನು ಕೂರಿಸಿಕೊಂಡ ಈ ಸುಡುಗಾಡು ರೈಲು ನಿಮಿಷ ನಿಮಿಷಕ್ಕೂ ದೂರ ಒಯ್ಯುತ್ತಿತ್ತು. ನಾನು ಅತ್ತೆ. ಬಾಯಿಬಿಟ್ಟು ಅತ್ತೆ. ಡಬ್ಬಿಯಲ್ಲಿದ್ದವರೆಲ್ಲರ ಕಣ್ಣಲ್ಲೂ ನೀರಿತ್ತು, ಎಲ್ಲರೂ ಮೂಗೊರೆಸಿಕೊಳ್ಳುತ್ತಿದ್ದರು. ಯಾಕೆಂದು ಯಾರೂ ಕೇಳಲಿಲ್ಲ.

ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿದು ಬ್ಯಾಡಗಿಗೆ ತಿರುಗಿ ಬರುವಷ್ಟರಲ್ಲಿ ದೀಪ ಹಚ್ಚಿದ್ದರು. ಮಾಮಾ ಗುತ್ತಲದ ಬಸ್ಸು ಬಿಟ್ಟು ನನ್ನ ಜೊತೆಗೇ ಬಂದ. ಪಡಸಾಲೆ ಸಾರಿಸಿ ಸ್ವಚ್ಛ ಮಾಡಿಯಾಗಿತ್ತು. ಅಪ್ಪನನ್ನು ಕೂರಿಸಿದ್ದ ಗೋಡೆಯ ಕೆಳಗೆ ಒಂದು ಹಣತೆ, ಕೆಲವು ಹೂವಿನೆಸಳು, ಚದುರಿದ ವಿಭೂತಿ. ನನ್ನನ್ನು ಕಂಡು ಅತ್ತಿ ಎದ್ದು ಬಂದು ಎದೆಗವಚಿಕೊಂಡು, ಮಧ್ಯಾಹ್ನ ಇಳಿಯುವ ತನಕ ನಿನಗಾಗಿ ಕಾದೆವಲ್ಲೇ, ಯಾಕೆ ಬರಲಿಲ್ಲ ಎಂದು ಅತ್ತಳು. ನನಗೆ ಯಾರೂ ಹೇಳಲಿಲ್ಲ ಅಂದೆ.

ಆಗ ಶುರುವಾಯಿತು ಲೆಕ್ಕ. ಕಾಕಾ ಹೇಳಿದ: ಪೇಟೆಯ ದಿನ, ಅಂಗಡಿ ಫೋನಿಗೆ ಪುರಸೊತ್ತಿರಲಿಲ್ಲ, ಆದರೂ ಮಾಲೀಕರನ್ನು ಕೇಳಿಕೊಂಡು ಅಣ್ಣನ ಪದ್ಧತಿಯಂತೆಯೇ ಊರಿಗೊಂದು ಫೋನು ಮಾಡಿದೆ, ಹಾವೇರಿಗೆ ಅಕ್ಕನ ಕಡೆ ಹೇಳಿದೆ, ಹಾವೇರಿಯವರಿಗೆಲ್ಲ ಅಕ್ಕನೇ ಅಲ್ಲವೇ ಹೇಳುವವಳು. ಅತ್ತಿ ಹೇಳಿದಳು: ಹೌದು, ಎಲ್ಲ ಮನೆಗೂ ಹೋಗಿ ಹೇಳಿದೆ, ಅಗಡಿಗೂ ಕಳಿಸಿದೆ, ಇವಳಿಗೆ ನಾನು ಯಾವತ್ತು ಹೇಳಿದ್ದೇನೆ, ಇವಳಿಗೆ ಯಾವಾಗಲೂ… ಮಾತು ಅಲ್ಲಿಗೇ ಕಡಿಯಿತು. ಮಗಳಿಗೆ ಯಾವಾಗಲೂ ಹೇಳುತ್ತಿದ್ದವನನ್ನೇ ಅವರು ಆಗ ತಾನೇ ಮಣ್ಣು ಮಾಡಿ ಬಂದಿದ್ದರು. ಮಧ್ಯಾಹ್ನ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, ಎಲ್ಲರಿಗೂ ಸುದ್ದಿ ಮುಟ್ಟಿದೆಯೇ ಎಂದು ಕೇಳಿದ್ದರಂತೆ. ಯಾರೋ ಮುಟ್ಟೇತ್ರಿ ಅಂದರಂತೆ. ಉಳಿದವರು ಅದನ್ನು ಕೇಳಿ ಸುಮ್ಮನಿದ್ದರಂತೆ. ಕಾಲೇಜಿಗೆ ಫೋನು ಮಾಡೋಣವೆಂದು ಕೊನೆಗೆ ಹೊಳೆದಾಗ ನಂಬರು ಯಾರಿಗೂ ಗೊತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಆಗಬೇಕೆಂದು ಎತ್ತಿದರು.

ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಅಗಡಿಯ ದೂರದ ಬೀಗರು ಬಂದು ಮಣ್ಣು ಹಾಕಿ ಹೋಗಿದ್ದರು. ಸಿಟ್ಟು ಬಂತು, ಮೈ ಉರಿಯುವಷ್ಟು ಬಂತು. ಯಾರ ಮೇಲೆ ಹಾಕಲಿ? ಕಾಕಾ ತನ್ನ ಪಾಲಿನದನ್ನು ಮಾಡಿದ್ದ. ಅತ್ತಿ ತನ್ನ ಪಾಲಿನದನ್ನು ಮಾಡಿದ್ದಳು. ಒಬ್ಬೊಬ್ಬರದೂ ಸರಿಯಿತ್ತು, ನನ್ನ ಕೈ ಮಾತ್ರ ಬರಿದಾಗಿತ್ತು. ಪುಸ್ತಕದಲ್ಲಿ ಒಂದು ರೌಟರು ಕೆಟ್ಟರೆ ಉಳಿದವು ಸ್ವಲ್ಪ ಹೊತ್ತಿನಲ್ಲಿ ಬೇರೆ ದಾರಿ ಹುಡುಕಿಕೊಳ್ಳುತ್ತವೆ ಎಂದಿದೆ. ಹುಡುಕಿಕೊಳ್ಳುತ್ತವೆ ನಿಜ. ಆ ಸ್ವಲ್ಪ ಹೊತ್ತಿನಲ್ಲಿ ಹೋದದ್ದು ಹೋಯಿತು.

ಎಲ್ಲರೂ ಒಳಗೆ ಹೋದ ಮೇಲೆ ಅವ್ವನ ಪಕ್ಕ ಕೂತೆ. ಬೆಳಗಿನಿಂದ ಅತ್ತು ಅವಳಲ್ಲಿ ಅಳು ಉಳಿದಿರಲಿಲ್ಲ. ಅಪ್ಪನಿಗೆ ಬಹಳ ಕಷ್ಟವಾಯಿತೇ ಎಂದು ಕೇಳಿದೆ. ಅವಳು ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಮೆಲ್ಲಗೆ ಹೇಳಿದಳು.

"ಇಲ್ಲವ್ವಾ. ಬೆಳಗಾಗುವಾಗ ಉಸಿರು ಹತ್ತಿತು. ನಿಮ್ಮ ಕಾಕಾನ ಕೈ ಹಿಡಕೊಂಡ. ನಲವತ್ತೆರಡು ಅಂದ, ಅದರ ಮುಂದ ಇನ್ನೊಂದು ಏನೋ ಅಂದ. ಮತ್ತ ನಲವತ್ತೆರಡು ಅಂದ. ಅದನ್ನ ಅನ್ನಾಕತ್ತಿದ್ದ, ಬಿಡಲೇ ಒಲ್ಲ."

ಆಮೇಲೆ ಏನಾಯಿತು ಎಂದು ಕೇಳಿದೆ.

"ನಿಮ್ಮ ಕಾಕಾ ಅಂದ, ಇವತ್ತ ಪ್ಯಾಟಿ ಐತೆಲ್ಲ ವೈನಿ, ಅಣ್ಣ ಚೀಲದ ತೂಕಾ ಹೇಳಾಕತ್ತಾನ ಅಂತ. ಆಮ್ಯಾಲೆ ಅವನ ಕಿವ್ಯಾಗ ಬಗ್ಗಿ, 'ಬರಕೊಂಡೇನಿ ಅಣ್ಣಾ' ಅಂದ. ಅದನ್ನ ಕೇಳಿ ನಿಮ್ಮಪ್ಪ ಸಮಾಧಾನ ಆದ. ಕೈ ಬಿಟ್ಟ. ಅಷ್ಟ."

ಹೊರಗೆ ಕಟ್ಟೆಯ ಮೇಲೆ ಕಾಕಾ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದು ಬಾಗಿಲಿನಿಂದ ಕಾಣುತ್ತಿತ್ತು. ಆ ನಂಬರು ಯಾವುದೆಂದು ನಾನು ಅವ್ವನಿಗೆ ಹೇಳಲಿಲ್ಲ. ಕಾಕಾನಿಗೂ ಹೇಳಲಿಲ್ಲ. ಹೇಳಿದರೆ ಆ ಮನುಷ್ಯ ಉಳಿದ ಜೀವಮಾನವನ್ನು ಹೇಗೆ ಕಳೆಯಬೇಕು?

ಇವತ್ತಿಗೂ ಬಳಗದವರು ಸೇರಿದಾಗ ಕಾಕಾ ಅದನ್ನು ಹೇಳದೆ ಇರುವುದಿಲ್ಲ. ಅಣ್ಣ ಕಡೆಯ ಉಸಿರಿನ ತನಕ ಪೇಟೆಯನ್ನು ಮರೆಯಲಿಲ್ಲ, ತೂಕ ಹೇಳುತ್ತಲೇ ಹೋದ, ನಾನು ಬರಕೊಂಡೇನಿ ಅಂದ ಮೇಲೆಯೇ ಕಣ್ಣು ಮುಚ್ಚಿದ ಎಂದು ಹೆಮ್ಮೆಯಿಂದ ಹೇಳುತ್ತಾನೆ. ಹೇಳಿ ನನ್ನ ಮುಖ ನೋಡುತ್ತಾನೆ. ನಾನು ಹೂಂ ಅನ್ನುತ್ತೇನೆ.